ಗ್ರೂಪು ಬಿಟ್ಟವರ ಜಗಲಿಯಲ್ಲಿ

ಶಿರಸಿ ಸುತ್ತಿನ ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾರು ಸಿಗುತ್ತಾರೆ, ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ರೇಟು ಎಷ್ಟಾಯಿತು, ಎಲೆಚುಕ್ಕಿ ರೋಗಕ್ಕೆ ಏನು ಮಾಡುವುದು, ದಿನವೂ ಇಂಥದ್ದೇ ಮಾತು. ಕಳೆದ ಜುಲೈನ ಒಂದು ರಾತ್ರಿ ಆ ಗ್ರೂಪು ಒಡೆದೇ ಹೋಗುತ್ತದೆ ಅನ್ನಿಸಿತ್ತು.

ಹಿರಿಯರೊಬ್ಬರು ತೋಟದಲ್ಲಿ ಉದುರಿದ ಎಳೆಕಾಯಿಗಳ ಫೋಟೋ ಹಾಕಿ, ಕೊಳೆರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಸಿದರೂ ಹೀಗಾಯಿತು ಎಂದು ಬರೆದರು. ಪಕ್ಕದೂರಿನ ಹುಡುಗ, "ಮದ್ದು ಕಲಸಲು ಬಾರದವರಿಗೆ ತೋಟ ಯಾಕೆ?" ಅಂತ ಉತ್ತರಿಸಿದ. ಅದಕ್ಕೆ ನಾಲ್ಕು ನಗುವ ಎಮೋಜಿ. ಆಮೇಲೆ ಕೇಳಬೇಕಾ? ಹನ್ನೊಂದು ಗಂಟೆಗೆ ಹಿರಿಯರು ಗ್ರೂಪು ಬಿಟ್ಟರು. ಅವರ ಹಿಂದೆಯೇ ಇನ್ನೂ ಮೂವರು.

ನಾನು ಎಲ್ಲರೆದುರು ಹುಡುಗನನ್ನು ಗದರಿದೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕಿದೆ. ಎರಡೂ ತಪ್ಪು. ಗಲಾಟೆಯೇನೋ ನಿಂತಿತು. ಆದರೆ ನೋವಾದವರನ್ನು ಯಾರೂ ಮಾತಾಡಿಸಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ. ಬೈಯಲಿಲ್ಲ. ನಿನ್ನ ಅನುಮಾನ ಏನು ಅಂತ ಕೇಳಿದೆ. ಮದ್ದಿಗೆ ಸುಣ್ಣ ಸಾಲದೇ ಹೋಗಿರಬೇಕು ಅಂದ. ವಿಷಯ ಗೊತ್ತಿತ್ತು ಅವನಿಗೆ. ಅದನ್ನಷ್ಟೇ ಬರೆದಿದ್ದರೆ ಸಾಕಿತ್ತು, ಅಲ್ವಾ? "ಬಾ, ಇಬ್ಬರೂ ಹೋಗಿ ಬರೋಣ" ಅಂದೆ.

ಮಳೆ ಧೋ ಅಂತ ಸುರಿಯುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಹಿರಿಯರು ಹುಡುಗನನ್ನು ನೋಡಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಬಾ ತಮಾ, ಆಸ್ರಿಗೆ ಎಂತ ಕುಡಿತೆ?" ಎಂದರು. ಅವನು ತಲೆ ಎತ್ತಲಿಲ್ಲ. ರಾತ್ರಿ ಅಷ್ಟು ಸಲೀಸಾಗಿ ಒತ್ತಿದ ಮಾತು ಆ ಜಗಲಿಯಲ್ಲಿ ಅವನ ಬಾಯಿಂದ ಖಂಡಿತ ಬರುತ್ತಿರಲಿಲ್ಲ.

ಕಷಾಯ ಕುಡಿದು, ಉಳಿದಿದ್ದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತರಿಸಿದೆವು. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ. ನಾವು 10 ಲೀಟರಿಗೆ ನೂರು ನೂರು ಗ್ರಾಂ ತೂಗಿ ಕಲಸಿದೆವು. ಹುಡುಗ ಕತ್ತಿಯ ಅಲಗನ್ನು ಅದ್ದಿ ಹಿಡಿದ. ಎತ್ತಿದಾಗ ಅದರ ಮೇಲೆ ತಾಮ್ರದ ಕೆಂಪು, ಅಂದರೆ ಸುಣ್ಣ ಸಾಲದು. ಲೆಕ್ಕ ಸರಿಯಿತ್ತು, ಸುಣ್ಣವೇ ಹಳೆಯದು, ತೇವ ಹೊಡೆದು ಸತ್ವ ಹೋಗಿತ್ತು. ಸುಣ್ಣ ಸಾಲದಿದ್ದರೆ ಮದ್ದೇ ಎಳೆಕಾಯಿಯನ್ನು ಸುಡುತ್ತದೆ. ಅಷ್ಟು ಮಳೆಗೆ ಕೊಳೆರೋಗವೂ ಬಂದಿರಬಹುದು, ಅದು ಬೇರೆ ಮಾತು. ಇನ್ನಷ್ಟು ಸುಣ್ಣ ಕಲಸಿ, ಅಲಗು ಉಜ್ಜಿ ಮತ್ತೆ ಅದ್ದಿದ. ಈ ಸಲ ಕತ್ತಿ ಇದ್ದ ಹಾಗೇ ಬಂತು. "ಹೌದಲ್ಲ!" ಅಂತ ಹಿರಿಯರು ಅವನ ಬೆನ್ನು ತಟ್ಟಿದರು.

ಸಂಜೆ ಬೀಗ ತೆಗೆದು ನಾಲ್ವರನ್ನೂ ಮತ್ತೆ ಸೇರಿಸಿದೆ. ಎಲ್ಲರೆದುರು ಗದರಿದ್ದಕ್ಕೆ ನಾನು ತಪ್ಪೊಪ್ಪಿಕೊಂಡೆ. ಹುಡುಗ ಕತ್ತಿಯ ಫೋಟೋ ಹಾಕಿ, "ನಿನ್ನೆ ಹಾಗೆ ಬರೆಯಬಾರದಿತ್ತು, ತಪ್ಪಾಯ್ತು" ಎಂದ. ಸ್ವಲ್ಪ ಹೊತ್ತಿಗೆ ಹಿರಿಯರ ಮೆಸೇಜು ಬಂತು. "ನಾಳೆ ಸುಣ್ಣ ತರಲು ಶಿರಸಿಗೆ ಹೋಗುತ್ತಿದ್ದೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ."