ಹಮ್ಲೆ ಒಂದರ ಹೊಸ ವರ್ಷ

ಇಥಿಯೋಪಿಯಾದ ದಕ್ಷಿಣ ಭಾಗದಲ್ಲಿರುವ ಹವಾಸಾ ನಗರದ ಆಸ್ಪತ್ರೆಯೊಂದರಲ್ಲಿ, ವೈದ್ಯಕೀಯ ಉಪಕರಣಗಳ ದುರಸ್ತಿಯನ್ನು ನೋಡಿಕೊಳ್ಳುವ ಸ್ವಯಂಸೇವಕನಾಗಿ ಒಂದು ವರ್ಷ ಕೆಲಸ ಮಾಡಿ, ರಜೆಗೆಂದು ಬೆಂಗಳೂರಿಗೆ ಬಂದಿದ್ದೇನೆ. ಸಂಕ್ರಾಂತಿ ಮುಗಿಸಿಕೊಂಡು ಎರಡನೆಯ ವರ್ಷದ ಕೆಲಸಕ್ಕೆ ಹೊರಡಬೇಕು. ವಿಶ್ವಸಂಸ್ಥೆಯು 2026ನ್ನು ಸುಸ್ಥಿರ ಅಭಿವೃದ್ಧಿಗಾಗಿ ದುಡಿಯುವ ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿರುವುದರಿಂದ, ಈ ಸಲದ ಹೊಸ ವರ್ಷದಲ್ಲಿ ನನ್ನಂಥವರು ಏನು ಮಾಡಬೇಕೆಂಬ ಯೋಚನೆ ಇನ್ನಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂತಿದೆ.

ಹವಾಸಾದಲ್ಲಿ ಜನವರಿ ಒಂದು ಹೊಸ ವರ್ಷವೇ ಅಲ್ಲ, ಸರ್ಕಾರಿ ರಜೆಯೂ ಅಲ್ಲ. ಅಲ್ಲಿನ ಪಂಚಾಂಗದಲ್ಲಿ ಅದು 2018ನೇ ಇಸವಿಯ ತಹ್ಸಾಸ್ ತಿಂಗಳ 23ನೇ ದಿನ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನಗಳ ಪಾಗುಮೆ ಎಂಬ ಹದಿಮೂರನೆಯ ತಿಂಗಳು. ಅದು ಮುಗಿದ ಮೇಲೆ ನಮ್ಮ ಸೆಪ್ಟೆಂಬರ್ 11ಕ್ಕೆ, ಕೆಲವೊಮ್ಮೆ 12ಕ್ಕೆ, ಎಂಕುಟಾಟಾಶ್ ಎಂಬ ವರ್ಷಾರಂಭ ಬರುತ್ತದೆ. ಗಂಟೆಯನ್ನೂ ಅವರು ಬೆಳಗಿನಿಂದ ಎಣಿಸುವುದರಿಂದ ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ತಾತನನ್ನು ನೋಡಿ ಬೆಳೆದ ನನಗೆ ಇದು ಬೇಗ ರೂಢಿಯಾಯಿತು.

ಹವಾಸಾ ಇರುವುದು ಸಿಡಾಮ ಜನರ ನಾಡಿನಲ್ಲಿ, ಅವರ ಹೊಸ ವರ್ಷ ಇನ್ನೂ ಬೇರೆ. ಫಿಚೆ-ಚಂಬಲಾಲ ಎನ್ನುವ ಆ ಹಬ್ಬವನ್ನು ಯುನೆಸ್ಕೊ 2015ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ನಿಗದಿಯಾದ ತಾರೀಖಿಲ್ಲ; ನಕ್ಷತ್ರಗಳ ನಡೆಯನ್ನು ಬಲ್ಲ ಹಿರಿಯರು ಆಕಾಶ ನೋಡಿ ದಿನ ಗೊತ್ತುಮಾಡಿ ಊರಿಗೆ ಸಾರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ವರ್ಷಕ್ಕೊಮ್ಮೆ ತವರಿಗೆ ಬರುವಾಗ ಬೂರಿಸಾಮೆ ಎಂಬ ತಿನಿಸನ್ನು ತರುತ್ತಿದ್ದಳು, ಅದನ್ನು ನೆರೆಹೊರೆಯವರೆಲ್ಲ ಹಂಚಿಕೊಂಡು ತಿನ್ನುತ್ತಿದ್ದರು, ಅವಳ ನೆನಪಿಗೆ ಈ ಹಬ್ಬ ಎಂಬುದು ಅವರ ಕಥೆ. ನೋಡಲು ಬಾಳೆಯ ಗಿಡದಂತೆಯೇ ಇರುವ ಎನ್‌ಸೆಟ್ ಗಿಡದ ಹಿಟ್ಟಿಗೆ ಬೆಣ್ಣೆ, ಹಾಲು ಬೆರೆಸಿ ಅದನ್ನು ಮಾಡುತ್ತಾರೆ. ಹಬ್ಬದ ದಿನ ಮಕ್ಕಳು ಮನೆಮನೆಗೆ ಹೋಗಿ ಶುಭ ಕೋರುತ್ತಾರೆ. ಈ ಕಥೆಯನ್ನು ಕೇಳಿದ ಅಮ್ಮ, ‘ಹಾಗಾದ್ರೆ ಅವರೂ ನಮ್ಮಂಥವರೇ’ ಎಂದಳು; ನಾನು ಒಂದು ವರ್ಷದಿಂದ ಫೋನಿನಲ್ಲಿ ವಿವರಿಸಲಾಗದ್ದು ಅವಳಿಗೆ ಆಗ ಅರ್ಥವಾಯಿತು.

ಚಿಕ್ಕಮ್ಮನ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ‘ಇಲ್ಲಿ ಕಷ್ಟದಲ್ಲಿರೋರು ಕಡಿಮೆ ಇದಾರೇನೋ? ಅಷ್ಟು ದೂರ ಹೋಗಿ ಮಾಡೋದನ್ನ ಇಲ್ಲೇ ಸರ್ಕಾರಿ ಆಸ್ಪತ್ರೇಲಿ ಮಾಡಬಾರದಾ?’ ಎಂದು ಅವರು ಕೇಳಿದರು. ಇಲ್ಲಿಯೂ ಕೆಲಸವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರಿನಲ್ಲಿ ನನ್ನ ಕೆಲಸ ಬಲ್ಲವರು ಸಾವಿರಾರು ಮಂದಿ ಇದ್ದಾರೆ, ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಫ್ಯೂಸು, ಕೆಪಾಸಿಟರ್, ಕನೆಕ್ಟರ್ ಎಲ್ಲ ಸಿಗುತ್ತವೆ. ಅಲ್ಲಿ ಸಣ್ಣ ಬಿಡಿಭಾಗವೂ ಆಡಿಸ್ ಅಬಾಬಾದಿಂದ, ಎಷ್ಟೋ ಸಲ ಪರದೇಶದಿಂದ ಬರಬೇಕು. ಅಲ್ಲಿನ ಹಿರಿಯ ವೈದ್ಯರೊಬ್ಬರು ಮೊದಲ ಭೇಟಿಯಲ್ಲಿಯೇ, ತಮಗೆ ಶಾಲೆಯಲ್ಲಿ ಲೆಕ್ಕ ಕಲಿಸಿದವರು ಭಾರತದ ಮೇಷ್ಟ್ರು ಎಂದರು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ನಮ್ಮ ದೇಶದ ಬಹಳಷ್ಟು ಶಿಕ್ಷಕರು ಅಲ್ಲಿಯ ಶಾಲೆಗಳಲ್ಲಿ ಪಾಠ ಮಾಡಿದ್ದರು. ಆ ಮೇಷ್ಟ್ರುಗಳು ಊರಿಗೆ ಮರಳಿ ಎಷ್ಟೋ ಕಾಲವಾಗಿದ್ದರೂ ಅವರು ಕಲಿಸಿದ ಲೆಕ್ಕ ಅಲ್ಲಿಯೇ ಉಳಿದಿದೆ. ಸ್ವಯಂಸೇವಕನ ಕೆಲಸವನ್ನು ಅಳೆಯಬೇಕಾದದ್ದು ಹೀಗೆಯೇ ಎಂದು ನಾನು ಮನಸಾರೆ ನಂಬಿದ್ದೇನೆ.

ಒಂದು ಯಂತ್ರದ ವಿಷಯ ಹೇಳುತ್ತೇನೆ. ಆಕ್ಸಿಜನ್ ಕಾನ್ಸಂಟ್ರೇಟರ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಒತ್ತಡದಲ್ಲಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸುತ್ತದೆ. ಗಾಳಿಯ ಶೇ 78ರಷ್ಟಿರುವ ಸಾರಜನಕವನ್ನು ಆ ಹರಳುಗಳು ಹಿಡಿದಿಟ್ಟುಕೊಳ್ಳುವುದರಿಂದ ಶೇ 93ರ ಆಸುಪಾಸಿನ ಆಮ್ಲಜನಕ ರೋಗಿಗೆ ಸಿಗುತ್ತದೆ. ಅದು ಶೇ 82ಕ್ಕಿಂತ ಕೆಳಗಿಳಿಯಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಯಂತ್ರದ ಹಿಂಬದಿಯಲ್ಲಿ ಅಂಗೈಯಗಲದ ಕಪ್ಪು ಸ್ಪಂಜಿನ ಫಿಲ್ಟರ್ ಇರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಆ ಸ್ಪಂಜು ಕೆಂಪು ದೂಳಿನಿಂದ ಮೆತ್ತಿಕೊಂಡು ಉಸಿರು ಕಟ್ಟಿದಂತಾಗುತ್ತದೆ, ಯಂತ್ರ ಕಾಯುತ್ತದೆ, ಕಂಪ್ರೆಸರ್ ಸವೆಯುತ್ತದೆ. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿದರೆ ಇಷ್ಟೆಲ್ಲ ಆಗುವುದೇ ಇಲ್ಲ. ಮಕ್ಕಳ ವಾರ್ಡಿನ ದಾದಿಯೊಬ್ಬರು ಈಗ ಪ್ರತಿ ಯಂತ್ರಕ್ಕೂ ಎರಡು ಸ್ಪಂಜು ಇಟ್ಟುಕೊಂಡು ಒಂದನ್ನು ತೊಳೆದಾಗ ಇನ್ನೊಂದನ್ನು ಹಾಕುತ್ತಾರೆ, ಯಂತ್ರಕ್ಕೆ ಕಟ್ಟಿದ ಕಾರ್ಡಿನಲ್ಲಿ ತಮ್ಮ ಪಂಚಾಂಗದ ತಾರೀಖನ್ನು ತಾವೇ ಬರೆಯುತ್ತಾರೆ. ಕಳೆದ ವರ್ಷ ನಾನು ರಿಪೇರಿ ಮಾಡಿದ ಎಲ್ಲ ಯಂತ್ರಗಳಿಗಿಂತ ಆ ಕಾರ್ಡು ನನಗೆ ಹೆಚ್ಚಿನದು.

ಆದ್ದರಿಂದ ಎರಡನೆಯ ವರ್ಷದಲ್ಲಿ ಸ್ಕ್ರೂಡ್ರೈವರ್ ಹಿಡಿಯುವುದು ಅಲ್ಲಿನ ಇಬ್ಬರು ಯುವ ತಂತ್ರಜ್ಞರು, ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಈ ವಾರ ಎಸ್.ಪಿ. ರಸ್ತೆಯಲ್ಲಿ ಅವರಿಗೆಂದು ಎರಡು ಒಳ್ಳೆಯ ಮಲ್ಟಿಮೀಟರ್, ಬೆಸುಗೆಯ ಸಾಮಾನು ಕೊಂಡೆ. ಬಿಡಿಭಾಗಗಳನ್ನು ಹೆಚ್ಚಾಗಿ ಕೊಳ್ಳಲಿಲ್ಲ. ನನ್ನ ಸೂಟ್‌ಕೇಸಿನಲ್ಲಿ ಹೋದ ಬಿಡಿಭಾಗ ಖರ್ಚಾದ ಮೇಲೆ ಮತ್ತೆ ಯಾರಾದರೂ ಸೂಟ್‌ಕೇಸು ಹೊತ್ತು ಬರುವವರೆಗೆ ಆಸ್ಪತ್ರೆ ಕಾಯಬೇಕಾಗುತ್ತದೆ; ಅದು ಆಸ್ಪತ್ರೆಯ ಬಜೆಟ್ಟಿನಲ್ಲಿಯೇ ಇರಬೇಕಾದ ಸಾಲು.

ಇಥಿಯೋಪಿಯಾದ ಆರ್ಥಿಕ ವರ್ಷ ಹಮ್ಲೆ ತಿಂಗಳ ಒಂದರಿಂದ, ಅಂದರೆ ನಮ್ಮ ಜುಲೈ 8ರಿಂದ, ಆರಂಭವಾಗುತ್ತದೆ. ಮಾರ್ಚ್ 19ಕ್ಕೆ ಯುಗಾದಿ ಬರುತ್ತದೆ, ಬೇವು-ಬೆಲ್ಲವನ್ನು ಅಲ್ಲಿಯೇ ಹೇಗೋ ಹೊಂದಿಸಿಕೊಳ್ಳುತ್ತೇನೆ. ಆದರೆ ನನ್ನ ಕೆಲಸಕ್ಕೆ ನಿಜವಾದ ಹೊಸ ವರ್ಷ ಆ ಹಮ್ಲೆ ಒಂದು. ಅದಕ್ಕೆ ಮೊದಲು ಯಾವ ವಾರ್ಡಿನಲ್ಲಿ ಯಾವ ಯಂತ್ರ, ಅದಕ್ಕೆ ವರ್ಷಕ್ಕೆಷ್ಟು ಫಿಲ್ಟರ್, ಎಷ್ಟು ಫ್ಯೂಸು, ಅದರ ಬೆಲೆಯೆಷ್ಟು ಎಂಬ ಪಟ್ಟಿ ಆಡಳಿತಾಧಿಕಾರಿಗಳ ಮೇಜಿಗೆ ಹೋಗಬೇಕು. ಪಟ್ಟಿಯನ್ನು ಬರೆಯುವವರೂ ಸಹಿ ಮಾಡುವವರೂ ಆ ಇಬ್ಬರು ತಂತ್ರಜ್ಞರೇ ಆಗಬೇಕೆಂದು ಹೋದ ತಿಂಗಳೇ ಮಾತಾಗಿದೆ. ನಿನ್ನೆ ಅವರಲ್ಲೊಬ್ಬರು ಮಕ್ಕಳ ವಾರ್ಡಿನ ಪಟ್ಟಿಯ ಮೊದಲ ಪುಟದ ಫೋಟೊ ಕಳಿಸಿ, ಹೆರಿಗೆ ವಾರ್ಡಿನದನ್ನು ನಾನು ಬರುವುದರೊಳಗೆ ಮುಗಿಸುವುದಾಗಿ ತಿಳಿಸಿದ್ದಾರೆ.