ಟೇಲರ್ ತೊರೆಗೆ ಮರಳುವ ಮೀನುಗಳು

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರು ತಾಹೋ ಸರೋವರಕ್ಕೆ ಚಳಿಗಾಲದಲ್ಲಿ ಹಿಮ ನೋಡಲು ಹೋಗುತ್ತಾರೆ, ಬೇಸಿಗೆಯಲ್ಲಿ ದೋಣಿ ಹತ್ತಲು. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ, ಮೀನು ನೋಡಲು. ಜೊತೆಗೆ ಮಗಳು, ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಮ್ಮ.

ಪ್ಲಾಸರ್‌ವಿಲ್ ದಾಟಿದ ಮೇಲೆ ಹೈವೇ 50 ಏರುತ್ತಲೇ ಹೋಗುತ್ತದೆ. ಎಕೋ ಸಮ್ಮಿಟ್‌ಗೆ ಮೊದಲು ಗುಡ್ಡಕ್ಕೆ ಗುಡ್ಡವೇ ಕರಕಲಾಗಿ ನಿಂತಿದೆ. ಅದು 2021ರ ಕಾಲ್ಡರ್ ಕಾಡ್ಗಿಚ್ಚಿನ ಗುರುತು. ಅಲ್ಲಿಯವರೆಗೂ ಮಾತಾಡುತ್ತಿದ್ದ ಅಮ್ಮ ಅದನ್ನು ನೋಡಿ ಸುಮ್ಮನಾದಳು. ನೆತ್ತಿ ದಾಟಿ ಇಳಿಯುವಾಗ ಕೆಳಗೆ ತಾಹೋ ಕಾಣಿಸಿತು. ಉದ್ದ 35 ಕಿ.ಮೀ., ಆಳ 500 ಮೀಟರ್. ಅರವತ್ತಕ್ಕೂ ಹೆಚ್ಚು ತೊರೆಗಳು ಇದಕ್ಕೆ ಬಂದು ಸೇರುತ್ತವೆ. ಹೊರಗೆ ಹರಿದು ಹೋಗುವುದು ಟ್ರಕ್ಕಿ ನದಿ ಒಂದೇ. ಅಷ್ಟು ತೊರೆಗಳಲ್ಲಿ ತನ್ನದು ಯಾವುದು ಅಂತ ಮೀನಿಗೆ ಗೊತ್ತಾಗುತ್ತದಲ್ಲ, ನಾವು ಅಷ್ಟು ದೂರ ಹೋಗಿದ್ದು ಅದಕ್ಕೇ.

ಮೀನಿನ ಹೆಸರು ಕೊಕನಿ. ಸಾಕೈ ಸಾಲ್ಮನ್ ಜಾತಿಯದ್ದೇ. ಸಾಕೈ ಸಮುದ್ರಕ್ಕೆ ಹೋಗಿ ಬೆಳೆದು ನದಿಗೆ ವಾಪಸ್ ಬರುತ್ತದೆ. ಕೊಕನಿ ಸಮುದ್ರವನ್ನೇ ನೋಡುವುದಿಲ್ಲ, ಬದುಕೆಲ್ಲ ಸಿಹಿನೀರಿನಲ್ಲೇ. ಎರಡರಿಂದ ನಾಲ್ಕು ವರ್ಷ ಸರೋವರದಲ್ಲಿ ಬೆಳ್ಳಗೆ ಹೊಳೆಯುತ್ತಾ ಬೆಳೆಯುತ್ತದೆ. ಕೊನೆಯ ಶರತ್ಕಾಲದಲ್ಲಿ ಮೈ ಕೆಂಪಾಗುತ್ತದೆ. ಗಂಡಿಗೆ ಬೆನ್ನ ಮೇಲೆ ಗೂನು ಬರುತ್ತದೆ, ದವಡೆ ಕೊಕ್ಕೆಯ ಹಾಗೆ ಬಾಗುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು, ತಾನು ಹುಟ್ಟಿದ ತೊರೆ ಹತ್ತಿ, ಮೊಟ್ಟೆ ಇಟ್ಟು ಸಾಯುತ್ತದೆ.

ಟೇಲರ್ ತೊರೆ ದೊಡ್ಡದೇನಲ್ಲ. ಫಾಲನ್ ಲೀಫ್ ಎಂಬ ಸಣ್ಣ ಸರೋವರದಿಂದ ಹೊರಟು, ಕೆಲವೇ ಕಿಲೋಮೀಟರ್ ಹರಿದು ತಾಹೋ ಸೇರುತ್ತದೆ. ಮೇಲೆ ಒಂದು ಪುಟ್ಟ ಅಣೆಕಟ್ಟು ಇದೆ. ಮೀನು ಹತ್ತುವ ಕಾಲಕ್ಕೆ ಅಲ್ಲಿಂದ ನೀರು ಬಿಡುತ್ತಾರೆ. ವಿಸಿಟರ್ ಸೆಂಟರ್ ಪಕ್ಕದಿಂದ ರೇನ್‌ಬೋ ಟ್ರೇಲ್ ಎಂಬ ಕಾಲುದಾರಿ ಹುಲ್ಲುಗಾವಲಿನೊಳಗೆ ಹೋಗುತ್ತದೆ. ಆಸ್ಪೆನ್ ಮರಗಳು ಪೂರ್ತಿ ಹಳದಿಯಾಗಿದ್ದವು. ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ತೊರೆಯ ತಳವೇ ಕೆಂಪಾಗಿ ಕದಲುತ್ತಿತ್ತು.

ನಮ್ಮ ಕಾಲಡಿಯಲ್ಲೇ ಒಂದು ಹೆಣ್ಣು ಮೀನು ಗುಂಡಿ ತೋಡುತ್ತಿತ್ತು. ಪಕ್ಕಕ್ಕೆ ಮಗುಚಿ, ಬಾಲವನ್ನು ಪಟಪಟ ಬಡಿಯುತ್ತಿತ್ತು. ಸಣ್ಣ ಕಲ್ಲುಗಳು ಎದ್ದು, ಸ್ವಲ್ಪ ಕೆಳಗೆ ಹೋಗಿ ಬೀಳುತ್ತಿದ್ದವು. ಬಾಲದ ಅಂಚು ಸವೆದು ಬೆಳ್ಳಗಾಗಿತ್ತು. ಹಿಂದೆಯೇ ಒಂದು ಗಂಡು ಕಾವಲು. ಇನ್ನೊಂದು ಗಂಡು ಹತ್ತಿರ ಬಂದರೆ ಬಾಯಿ ತೆರೆದು ಅಟ್ಟಿಸಿಕೊಂಡು ಹೋಗುತ್ತಿತ್ತು. ಆ ಹೆಣ್ಣು ಸುಸ್ತಾಗಿ ನೀರಿನ ಜೊತೆ ಒಂದು ಮಾರು ಕೆಳಗೆ ಜಾರುವುದು, ಮತ್ತೆ ಈಜಿ ಅದೇ ಗುಂಡಿಗೆ ಬರುವುದು. ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ.

ಕಾಲುದಾರಿಯಲ್ಲಿ ನೆಲದಡಿಯ ಒಂದು ಕೋಣೆಯೂ ಇದೆ. ಗೋಡೆಯ ಗಾಜಿನಾಚೆ ತೊರೆಯ ನೀರೇ ಹರಿಯುತ್ತದೆ. ಮಗಳು ಗಾಜಿಗೆ ಮೂಗು ಒತ್ತಿ ನಿಂತವಳು ಕೇಳಿದಳು, "ಇವಕ್ಕೆ ದಾರಿ ತೋರಿಸೋದು ಯಾರು? ಅಪ್ಪ ಅಮ್ಮನಾ?"

ಅಲ್ಲ. ಮೊಟ್ಟೆ ಒಡೆಯುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇರುವುದಿಲ್ಲ. ಮರಿಗಳು ವಸಂತದಲ್ಲಿ ಕಲ್ಲುಗಳ ಸಂದಿಯಿಂದ ಮೇಲೆ ಬಂದು, ತಾವೇ ಸರೋವರಕ್ಕೆ ಇಳಿಯುತ್ತವೆ. ಆ ಎಳೆ ವಯಸ್ಸಿನಲ್ಲೇ ತೊರೆಯ ವಾಸನೆ ಅವುಗಳಲ್ಲಿ ಉಳಿದುಬಿಡುತ್ತದೆ. ಒಂದೊಂದು ತೊರೆಗೂ ಅದರ ಮಣ್ಣು, ಕಲ್ಲು, ಗಿಡಗಳಿಂದ ಬಂದ ಬೇರೆಬೇರೆ ವಾಸನೆ.

ಇದನ್ನು ಹೊಳೆಸಿಕೊಂಡವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹಾಸ್ಲರ್. ಅವರು ಯೂಟಾದವರು. ಒಮ್ಮೆ ತಮ್ಮ ಊರಿನ ಕಡೆ ಟಿಂಪಾನೋಗಸ್ ಬೆಟ್ಟದಲ್ಲಿ ನಡೆಯುತ್ತಿದ್ದರಂತೆ. ಜಲಪಾತ ಇನ್ನೂ ಕಂಡಿರಲಿಲ್ಲ. ತಣ್ಣನೆ ಗಾಳಿಯಲ್ಲಿ ಪಾಚಿಯ, ಹೂವಿನ ವಾಸನೆ ಬಂತು. ಮರೆತೇಹೋಗಿದ್ದ ಬಾಲ್ಯದ ಗೆಳೆಯರು, ಘಟನೆಗಳೆಲ್ಲ ಒಟ್ಟಿಗೇ ನೆನಪಾದವು. ಮನುಷ್ಯನಿಗೇ ಹೀಗಾದರೆ ಮೀನಿಗೂ ಆಗಬಾರದೇಕೆ ಅಂತ ಅವರಿಗೆ ಅನ್ನಿಸಿತು. 1951ರಲ್ಲಿ ವಾರನ್ ವಿಸ್ಬಿ ಜೊತೆ ಸೇರಿ ಈ ವಿಚಾರ ಪ್ರಕಟಿಸಿದರು. ಆಮೇಲೆ ಸಿಯಾಟಲ್ ಹತ್ತಿರದ ಇಸಾಕ್ವಾದಲ್ಲಿ ಪರೀಕ್ಷೆ ಮಾಡಿದರು. ತೊರೆ ಎರಡಾಗಿ ಒಡೆಯುವ ಜಾಗ ಅದು. ತಮ್ಮ ಕವಲು ಹತ್ತಿ ಬಂದಿದ್ದ ಕೋಹೋ ಸಾಲ್ಮನ್‌ಗಳನ್ನು ಹಿಡಿದು, ಕೆಲವಕ್ಕೆ ಮೂಗು ಮುಚ್ಚಿ, ಎಲ್ಲವನ್ನೂ ಕೆಳಗೆ ಒಯ್ದು ಬಿಟ್ಟರು. ಮೂಗು ತೆರೆದಿದ್ದವು ಬಹುಪಾಲು ತಮ್ಮ ಕವಲಿಗೇ ಬಂದವು. ಮೂಗು ಮುಚ್ಚಿದ್ದವಕ್ಕೆ ದಾರಿ ತಪ್ಪಿತು.

1970ರ ದಶಕದಲ್ಲಿ ಅವರ ತಂಡ ಇನ್ನೂ ಮುಂದೆ ಹೋಯಿತು. ಮರಿಗಳಿಗೆ ಮಾರ್ಫೋಲಿನ್ ಎಂಬ ರಾಸಾಯನಿಕದ ವಾಸನೆ ರೂಢಿ ಮಾಡಿಸಿ ಮಿಷಿಗನ್ ಸರೋವರಕ್ಕೆ ಬಿಟ್ಟರು. ಮೀನುಗಳು ದೊಡ್ಡವಾದ ಮೇಲೆ ಒಂದು ತೊರೆಗೆ ಅದೇ ವಾಸನೆ ಬೆರೆಸಿದರು. ಅವು ಆ ತೊರೆಯನ್ನೇ ತಮ್ಮದು ಅಂತ ಹತ್ತಿದವು. ನನಗೆ ಇಡೀ ವಿಷಯದಲ್ಲಿ ತುಂಬಾ ತಟ್ಟಿದ್ದು ಇದೇ. ಮೀನಿಗೆ ಬೇಕಾಗಿದ್ದು ವಂಶದ ಊರಲ್ಲ, ತಾನು ಎಳೆತನದಲ್ಲಿ ಮೂಸಿದ ನೀರು.

ಟೇಲರ್ ತೊರೆಯ ಕೊಕನಿಗಳೇ ಇದಕ್ಕೆ ಸಾಕ್ಷಿ. ಇವು ತಾಹೋದ ಮೂಲ ನಿವಾಸಿಗಳಲ್ಲ. 1944ರಲ್ಲಿ ಉತ್ತರ ದಡದ ತಾಹೋ ಸಿಟಿಯ ಮೀನುಮರಿ ಕೇಂದ್ರದ ಕೊಳಗಳಿಂದ ತಪ್ಪಿಸಿಕೊಂಡು ಸರೋವರ ಸೇರಿದ ಮೀನುಗಳಿವು. ಈ ಸರೋವರದ ಯಾವ ತೊರೆಯಲ್ಲೂ ಅವುಗಳ ಹಿರಿಯರು ಹುಟ್ಟಿರಲಿಲ್ಲ. ಎಲ್ಲ ಮೀನೂ ತನ್ನ ತೊರೆಗೇ ಹೋಗುವುದಿಲ್ಲ, ಕೆಲವು ದಾರಿ ಬಿಟ್ಟು ಬೇರೆ ಕಡೆ ಹತ್ತುತ್ತವೆ. ಹೊಸ ತೊರೆಗಳಲ್ಲಿ ಸಂತಾನ ಬೆಳೆಯುವುದು ಹಾಗೆಯೇ. ಇಲ್ಲಿ ಹುಟ್ಟಿದ ಮರಿಗೆ ಮಾತ್ರ ಇದೇ ಮನೆ. ಇಲ್ಲೇ ಹುಟ್ಟಿದ ನನ್ನ ಮಗಳ ಪಕ್ಕ ನಿಂತು ಇದನ್ನೆಲ್ಲ ಹೇಳುವಾಗ ನನಗೆ ಬೇರೇನೇನೋ ನೆನಪಾಗುತ್ತಿತ್ತು.

ಅಮ್ಮನಿಗೆ ನೆನಪಾಗಿದ್ದು ಹತ್ಮೀನು. ನಮ್ಮ ಕಡೆ ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬರುತ್ತದೆ. ಮೊಟ್ಟೆ ತುಂಬಿಕೊಂಡ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಊರಿಗೆ ಊರೇ ಬೈಲಿಗೆ ಇಳಿಯುತ್ತಿತ್ತು. "ಇಲ್ಲಿ ಇಷ್ಟು ಜನ ನೋಡ್ತಾರೆ, ಒಬ್ರೂ ಮುಟ್ಟಲ್ಲ ಅಲ್ವನಾ? ನಾವು ಮೊಟ್ಟೆ ಸಮೇತ ಸಾರು ಮಾಡಿದ್ವಿ. ಈಗ ಎಲ್ಲಿ ಹತ್ತುತ್ತೆ, ಹೇಳು," ಅಂದಳು. ಅವಳ ಮಾತಲ್ಲಿ ಬೇಜಾರಿತ್ತು. ನನಗೂ ಅದೇ ಬೇಜಾರು. ಮರಿ ಮಾಡಲು ಹೊರಟ ಮೀನನ್ನಾದರೂ ಬಿಡಬೇಕಿತ್ತು.

ತಾಹೋದ ಕಥೆಯೂ ಪೂರ್ತಿ ಸುಖದ್ದಲ್ಲ. ಇಲ್ಲಿನ ಮೂಲ ಮೀನುಗಳಲ್ಲಿ ಒಂದು ಲಹಾಂಟನ್ ಕಟ್‌ತ್ರೋಟ್ ಟ್ರೌಟ್. ಅತಿಯಾದ ಮೀನುಗಾರಿಕೆ, ಮರದ ವ್ಯಾಪಾರ, ಹೊರಗಿನಿಂದ ತಂದು ಬಿಟ್ಟ ಮೀನುಗಳು, ಎಲ್ಲ ಸೇರಿ 1930ರ ದಶಕದ ಕೊನೆಗೆ ಅದನ್ನು ಸರೋವರದಿಂದ ಅಳಿಸಿಹಾಕಿದವು. 1960ರ ದಶಕದಲ್ಲಿ ಮೀನಿಗೆ ಮೇವಾಗಲಿ ಅಂತ ಬಿಟ್ಟ ಮೈಸಿಸ್ ಸಿಗಡಿ, ಕೊಕನಿಯ ಆಹಾರವನ್ನೇ ತಿಂದು ಮುಗಿಸಿತು. ಕೆಂಪು ತೊರೆ ನೋಡಿ ಖುಷಿಪಡುವಾಗ ಕಾಣದಾದ ಆ ಟ್ರೌಟ್‌ನ ಹೆಸರನ್ನೂ ಮಗಳಿಗೆ ಹೇಳಿಕೊಟ್ಟೆ.

ಹೋಗುವವರಿಗೆ ಒಂದೆರಡು ಮಾತು. ಅಕ್ಟೋಬರ್ ಒಳ್ಳೆಯ ಕಾಲ. ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ಪಾರ್ಕಿಂಗ್ ಸಿಗುತ್ತದೆ. ಮೀನಿನಾಸೆಗೆ ಕರಡಿಗಳೂ ಬರುತ್ತವೆ, ಕಂಡರೆ ದೂರವೇ ಇರಿ. ದಡದಲ್ಲಿ ಸತ್ತ ಮೀನು ಕೊಳೆತ ವಾಸನೆ ಬರುತ್ತದೆ, ಮೂಗು ಮುಚ್ಚಿಕೊಂಡು ಓಡಬೇಡಿ. ಅದು ಕೊಳೆತು ನೀರಿಗೆ ಸೇರಿದ್ದು ಹುಳುಹುಪ್ಪಟೆಗೆ ಆಹಾರ, ಆ ಹುಳುಗಳು ವಸಂತದಲ್ಲಿ ಮರಿಗಳಿಗೆ.