ಯಾರ ಮನೆಯ ರೊಟ್ಟಿ?

‘ಎಲ್ಲಾ ಒಂದೇ’ ಅನ್ನುವ ಮಾತು ನಮ್ಮ ಕಡೆ ಬಹಳ ಅಗ್ಗ. ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ, ಮೈಕ್ ಹಿಡಿದವರು ಹೇಳುತ್ತಾರೆ, ಪ್ರವಚನ ಕೇಳಿದವರು ಚಪ್ಪಲಿ ಹುಡುಕುತ್ತಾ ಹೇಳುತ್ತಾರೆ. ಆಡಿ ಆಡಿ ಅದರಲ್ಲಿ ಉಪ್ಪೇ ಉಳಿದಿಲ್ಲ.

ಹಿಂದೆ ಇತ್ತು, ನಿಜವಾದ ಉಪ್ಪೇ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಶ್ವೇತಕೇತು ಅನ್ನುವ ಹುಡುಗ 12 ವರ್ಷ ಓದಿ, ತಲೆ ಎತ್ತಿಕೊಂಡು ಮನೆಗೆ ಬರುತ್ತಾನೆ. ಅಪ್ಪ ಉದ್ದಾಲಕ ಆರುಣಿ ಒಂದು ಕೆಲಸ ಹೇಳುತ್ತಾನೆ. ಈ ಉಪ್ಪನ್ನು ನೀರಿಗೆ ಹಾಕು, ಬೆಳಿಗ್ಗೆ ಬಾ. ಬೆಳಿಗ್ಗೆ ಬಂದರೆ, ಆ ಉಪ್ಪು ತೆಗೆದು ಕೊಡು ಅನ್ನುತ್ತಾನೆ. ಎಲ್ಲಿ ಸಿಗಬೇಕು? ಮೇಲಿನಿಂದ ಕುಡಿ, ನಡುವಿನಿಂದ ಕುಡಿ, ತಳದಿಂದ ಕುಡಿ. ಎಲ್ಲಾ ಕಡೆ ಉಪ್ಪೇ. ಕಣ್ಣಿಗೆ ಕಾಣದ ಸತ್ಯವೂ ಹೀಗೇ ಎಲ್ಲದರಲ್ಲಿ ಇದೆ, ಅದೇ ನೀನು ಅಂತ ಅಪ್ಪ ಮುಗಿಸುತ್ತಾನೆ. ಆ ಅಧ್ಯಾಯದಲ್ಲಿ ‘ಅದೇ ನೀನು’ ಒಟ್ಟು 9 ಸಲ ಬರುತ್ತದೆ. ಮುಂದೆ ಶಂಕರಾಚಾರ್ಯರು ಜೀವ, ಬ್ರಹ್ಮ ಎರಡಲ್ಲ ಅನ್ನುವ ಅದ್ವೈತ ಹೇಳಿದ್ದು ಇಂಥ ಮಾತುಗಳನ್ನು ಹಿಡಿದೇ. ಓದಿದವನ ಸೊಕ್ಕು ಇಳಿಸಿದ ಮಾತನ್ನು ನಾವು ದೊಡ್ಡಸ್ತಿಕೆ ತೋರಿಸಲಿಕ್ಕೆ ಬಳಸ್ತೀವಿ, ಅಲ್ವಾ?

ನನ್ನ ನಾಲಿಗೆಗೆ ಇದು ಸ್ವಲ್ಪವಾದರೂ ಹತ್ತಿದ್ದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಪುಷ್ಯ ಮಾಸ, ಜನವರಿಯ ಚಳಿ. ತೇರಿಗೆ ಉತ್ತತ್ತಿ, ಬಾಳೆಹಣ್ಣು ತೂರುವ ಜನ ಲಕ್ಷಗಟ್ಟಲೆ. ಫೋಟೋದಲ್ಲಿ ಬರುವುದು ಅದೇ. ನನಗೆ ಮಾತ್ರ ದಾಸೋಹದ ಕಡೆಗೇ ಕಾಲು ಎಳೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಾ ಜೋಳದ ರೊಟ್ಟಿ ಬರುತ್ತದೆ. ಹೆಣ್ಣುಮಕ್ಕಳು ಮನೆಗೆಲಸದ ನಡುವೆಯೇ ಬಡಿದು, ಕಡಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದು. ಅಲ್ಲಿ ಎಲ್ಲವನ್ನೂ ಒಂದೇ ರಾಶಿಗೆ ಸುರಿಯುತ್ತಾರೆ. ಮಾದಲಿ ಅನ್ನುವ ಸಿಹಿಯೂ ಹಾಗೇ.

ಆ ರಾಶಿಯ ಹತ್ತಿರ ನಿಂತು ನೋಡಬೇಕು. ಒಂದು ರೊಟ್ಟಿಗೆ ಎಳ್ಳು ಅಂಟಿದೆ. ಒಂದರ ಅಂಚು ಹಂಚಿನಲ್ಲಿ ಕರಕಾಗಿದೆ. ಒಂದು ಸಜ್ಜೆಯದು, ಬಣ್ಣವೇ ಬೇರೆ. ಒಂದರ ನಡುವೆ ಬೆರಳ ಗುರುತು ಹಾಗೇ ಕೂತಿದೆ, ಎಳೆ ಹುಡುಗಿ ಬಡಿದಿರಬೇಕು. ಯಾವುದೂ ಇನ್ನೊಂದರ ಹಾಗಿಲ್ಲ. ಆದರೆ ಇದು ಯಾರ ಮನೆಯದು ಅಂತ ಕೇಳಿದರೆ ಉತ್ತರ ಹೇಳುವವರೇ ಇಲ್ಲ.

ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ತಾನೂ ರೊಟ್ಟಿ ತಂದು ಕೊಟ್ಟವಳೇ. ತಟ್ಟೆಗೆ ಬಿದ್ದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಯಾವಾಕಿ ಕೈಯಾಗಿಂದೋ ಏನೋ, ಎಷ್ಟು ತೆಳ್ಳಗ ಬಡದಾಳ ನೋಡಪಾ!” ಅಂದಳು. “ನಿಮ್ಮ ರೊಟ್ಟಿ ಯಾರಿಗೆ ಹೋತೋ ಯವ್ವಾ?” ಅಂತ ಕೇಳಿದೆ. “ಯಾರಿಗರೆ ಹೋಗಲಿ, ಅಜ್ಜಗ ಮುಟ್ಟಿದಂಗ” ಅಂದು ಪಲ್ಯಕ್ಕೆ ಕೈ ಹಾಕಿದಳು. ಈ ಮಠದ ಗವಿಸಿದ್ಧೇಶ್ವರ ಇಲ್ಲಿನ ಜನಕ್ಕೆ ಅಜ್ಜನೇ. ಬಡಿದವಳ ಕೈಚಳಕ ಅವಳಿಗೆ ಕಂಡಿತು, ಬಡಿದವಳ ಹೆಸರು ಬೇಕಾಗಲಿಲ್ಲ.

ಬೆರೆಯುವುದು ಗವಿಮಠದ ಈ ಗುಡ್ಡಕ್ಕೆ ಹೊಸದಲ್ಲ. ಇಲ್ಲಿ ಅಶೋಕನ ಬ್ರಾಹ್ಮಿ ಶಾಸನ ಇದೆ, 1931ರಲ್ಲಿ ಬೆಳಕಿಗೆ ಬಂದದ್ದು. ಕೊಪ್ಪಳ ಕೊಪಣವಾಗಿದ್ದಾಗ ಜೈನರ ದೊಡ್ಡ ತೀರ್ಥ. ಈಗ ವೀರಶೈವ ಮಠ. ಬೌದ್ಧ ದೊರೆಯ ಆ ಶಾಸನದಲ್ಲಿ ಒಂದು ಮಾತಿದೆ: ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಮನಸ್ಸಿಟ್ಟು ದುಡಿದರೆ ಸಣ್ಣವನಿಗೂ ಸಿಗುತ್ತದೆ. ತೇರು ನೋಡಲು ಬಂದವರಲ್ಲಿ ಬಹಳ ಜನ ಅತ್ತ ಹೋಗುವುದೇ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರು ಜೊತೆಯಾದರು, ಮಾಧ್ವರು, ಅಂದರೆ ದ್ವೈತ ಮತದವರು. ಹರಿದಾಸರಾದ ವಿಜಯದಾಸರು, ಜಗನ್ನಾಥದಾಸರು ಹುಟ್ಟಿದ ಮಾನ್ವಿ ಸೀಮೆಯವರು. ನನ್ನ ರೊಟ್ಟಿ ಪುರಾಣ ಕೇಳಿ ನಕ್ಕರು. “ಎಲ್ಲಾ ಒಂದೇ ಆದರ, ಕೈ ಮುಗಿಯೋರು ಯಾರು, ಮುಗಿಸಿಕೊಳ್ಳೋರು ಯಾರು ರೀ?” ದೇವರು ಬೇರೆ, ಜೀವ ಬೇರೆ, ಜಡ ಬೇರೆ, ಜೀವ ಜೀವಕ್ಕೂ ಭೇದ, ಜಡ ಜಡಕ್ಕೂ ಭೇದ. ಐದನ್ನೂ ಬೆರಳು ಮಡಚಿ ಎಣಿಸಿದರು. ಸುಮ್ನೆ ತಳ್ಳಿ ಹಾಕುವ ಪ್ರಶ್ನೆ ಅಲ್ಲ ಅದು. ಭಕ್ತಿಗೆ ಇಬ್ಬರು ಬೇಕೇ ಬೇಕು.

ಶರಣರ ಷಟ್‌ಸ್ಥಲದಲ್ಲಿ, ಅಂದರೆ ಭಕ್ತಿಯ ಆರು ಮೆಟ್ಟಿಲುಗಳಲ್ಲಿ, ಇದಕ್ಕೆ ಒಂದು ಉತ್ತರ ಇದೆ ಅಂತ ನನಗನ್ನಿಸುತ್ತದೆ. ಅಲ್ಲಿ ಐಕ್ಯ, ದೇವರಲ್ಲಿ ಒಂದಾಗುವುದು, ಆರನೆಯದು. ಮೊದಲನೆಯದು ಭಕ್ತ. ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಆಗಿ ಕೊನೆಗೆ ಐಕ್ಯ. ನಾವು ಕೊನೆಯ ಮಾತನ್ನು ಮೊದಲೇ ಆಡಿಬಿಡುತ್ತೇವೆ, ಅದಕ್ಕೇ ಅದು ಸಪ್ಪೆ. ಹಿರಿಯರು ಒಪ್ಪಲಿಲ್ಲ. ಅವರು ಒಪ್ಪಬೇಕು ಅಂತ ನನಗೂ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಗವಿಮಠದಲ್ಲಿ ಯಾರ ಮನೆಯ ರೊಟ್ಟಿ ಅಂತ ಕೇಳದೆ ತಿಂದವರೇ ಊರಿಗೆ ಬಂದ ಮೇಲೆ ಯಾರ ಮನೆಯ ನೀರು ಅಂತ ಕೇಳುತ್ತಾರೆ. ನಮ್ಮ ಊರಲ್ಲೇ ರೊಟ್ಟಿ ಕೂಡಿಸುವ ಟ್ರ್ಯಾಕ್ಟರ್ ಅಗಸಿಯ, ಅಂದರೆ ಊರ ಬಾಗಿಲಿನ, ಒಳಗಿನ ಓಣಿಗಳಿಗೆ ಮಾತ್ರ ಹೋಗುತ್ತದೆ. ಹೊರಗಿನ ಓಣಿಯವರು ತಮ್ಮ ಗಂಟನ್ನು ತಾವೇ ಹೊತ್ತು ಬಸ್ಸಿಗೆ ಹತ್ತುತ್ತಾರೆ. ಮಠಕ್ಕೆ ಮುಟ್ಟಿದ ಮೇಲೆ ಎರಡೂ ಅದೇ ರಾಶಿಗೆ ಬೀಳುತ್ತವೆ. ಬರುವ ಪುಷ್ಯಕ್ಕೆ ಟ್ರ್ಯಾಕ್ಟರ್ ಆ ಓಣಿಯಿಂದಲೇ ಹೊರಡಲಿ ಅಂತ ಕಮಿಟಿಯವರಿಗೆ ಹೇಳಿದ್ದೇನೆ. “ನೋಡೂಣಂತ” ಅಂದಿದ್ದಾರೆ. ಡ್ರೈವರ್ ಹುಡುಗ ಮಾತ್ರ ಆಗಲೇ ಒಪ್ಪಿದ್ದಾನೆ.